ಹಳೆಯ ಬ್ಯಾಟರಿಯ ಸೀಸ: ಗುಜರಿಯಿಂದ ರಕ್ತದವರೆಗೆ

ರಾಯಚೂರು ಜಿಲ್ಲೆಯ ನೀರಮಾನ್ವಿ, ಮಾನ್ವಿ, ದೇವದುರ್ಗದ ಕಡೆ ಟ್ರ್ಯಾಕ್ಟರ್, ಆಟೊ, ಮನೆಯ ಇನ್ವರ್ಟರ್ ಎಲ್ಲವೂ ನಂಬಿರುವುದು ಸೀಸ-ಆಮ್ಲ ಬ್ಯಾಟರಿಯನ್ನು. ಕೆಲವು ವರ್ಷಗಳಲ್ಲಿ ಅದರ ಶಕ್ತಿ ಉಡುಗಿದ ಮೇಲೆ ಹೊಸದರ ಬೆಲೆಯಲ್ಲಿ ವಜಾ ಹಿಡಿದು ಅಂಗಡಿಯವರು ಅದನ್ನು ಮರಳಿ ಪಡೆಯುತ್ತಾರೆ, ಇಲ್ಲವೇ ಅದು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತದೆ. ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ ಆಗಿರುವುದರಿಂದಲೂ, ಎಷ್ಟು ಸಲ ಕರಗಿಸಿದರೂ ಆ ಲೋಹದ ಗುಣ ಕೆಡದಿರುವುದರಿಂದಲೂ, ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಮರುಬಳಕೆಯಲ್ಲಿ ಇಷ್ಟು ಗೆದ್ದ ವಸ್ತು ಅಪರೂಪ; ತೊಂದರೆ ಇರುವುದು ಅದನ್ನು ಒಡೆದು ಕರಗಿಸುವ ರೀತಿಯಲ್ಲಿ.

ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಆದರೆ ಬಳಸಿದ ಬ್ಯಾಟರಿಯ ಫಲಕಗಳಿಗೆ ಮೆತ್ತಿಕೊಂಡಿರುವ ಬೂದು ಬಣ್ಣದ ಲೇಪ ಬಹುಪಾಲು ಸೀಸದ ಸಲ್ಫೇಟ್ ಮತ್ತು ಆಕ್ಸೈಡ್ ಆಗಿದ್ದು, ಅದರಿಂದ ಲೋಹವನ್ನು ಬಿಡಿಸಲು ಇದ್ದಿಲಿನ ಜೊತೆ ಸುಮಾರು 1000 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ; ಆಮ್ಲಜನಕವನ್ನು ಕಳಚುವ ಈ ಕ್ರಿಯೆಯನ್ನು ಅಪಕರ್ಷಣ ಎನ್ನುತ್ತಾರೆ. ಸುಸಜ್ಜಿತ ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರ ಬ್ಯಾಟರಿಯನ್ನು ಪುಡಿಮಾಡುತ್ತದೆ, ಆಮ್ಲವನ್ನು ಸುಣ್ಣ ಅಥವಾ ಸೋಡಾದಿಂದ ತಟಸ್ಥಗೊಳಿಸುತ್ತಾರೆ, ಕುಲುಮೆಯ ಹೊಗೆಯಲ್ಲಿನ ದೂಳನ್ನು ಬಟ್ಟೆಚೀಲದ ಸೋಸುಕಗಳು ಹಿಡಿಯುತ್ತವೆ. ಹಿತ್ತಿಲ ಕುಲುಮೆಯಲ್ಲಿ ಕೊಡಲಿಯೇ ಯಂತ್ರ. ಆಮ್ಲ ನೆಲದ ಪಾಲು, ಸೀಸದ ಹಬೆ ಕೆಲಸಗಾರರ ಶ್ವಾಸಕೋಶದ ಪಾಲು.

ಹಾಗೆ ಬಿದ್ದ ಸೀಸ ಮಣ್ಣಿನ ಕಣಗಳಿಗೆ ಅಂಟಿ ಮೇಲ್ಪದರದಲ್ಲೇ ದಶಕಗಟ್ಟಲೆ ಉಳಿಯುತ್ತದೆ. ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗುವುದೂ ಅದೇ ಪದರ. ಸೆನೆಗಲ್ ದೇಶದ ಡಾಕರ್ ನಗರದ ಅಂಚಿನ ಥಿಯಾರೊಯೆಯಲ್ಲಿ ಬ್ಯಾಟರಿ ಒಡೆದ ನೆಲದ ಮಣ್ಣನ್ನು ಜನ ಜರಡಿ ಹಿಡಿದು ಸೀಸ ಆಯುತ್ತಿದ್ದ ಕಾಲದಲ್ಲಿ, 2007–08ರ ಕೆಲವೇ ತಿಂಗಳಲ್ಲಿ, 18 ಮಕ್ಕಳು ಸತ್ತರು. ಇಂಥ ಸಾವು ಕಣ್ಣಿಗೆ ಬೀಳುತ್ತದೆ. ಸಣ್ಣ ಪ್ರಮಾಣದ ಸೀಸ ಮಗುವಿನ ಬುದ್ಧಿಶಕ್ತಿಯನ್ನು ಕುಗ್ಗಿಸುವುದು ಯಾರಿಗೂ ಕಾಣುವುದಿಲ್ಲ.

ದೇಹಕ್ಕೆ ಸೀಸ ಪರಕೀಯವೆಂದು ಗೊತ್ತಾಗುವುದೇ ಇಲ್ಲ. ಅದು ಕ್ಯಾಲ್ಸಿಯಂ ವೇಷದಲ್ಲಿ ಮೂಳೆ ಸೇರುತ್ತದೆ, ಗರ್ಭಿಣಿಯ ಮೂಳೆ ಕರಗಿದಾಗ ರಕ್ತಕ್ಕಿಳಿದು ಭ್ರೂಣವನ್ನೂ ಮುಟ್ಟುತ್ತದೆ, ಹಿಮೋಗ್ಲೋಬಿನ್ ಕಟ್ಟುವ ಕಿಣ್ವಗಳನ್ನು ತಡೆಯುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ಮಕ್ಕಳ ಕರುಳು ಹೀರುವ ಪಾಲು ದೊಡ್ಡವರದಕ್ಕಿಂತ ಹಲವು ಪಟ್ಟು ಹೆಚ್ಚು, ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಮಿಕ್ಕಿ ರಕ್ತಹೀನತೆ ಕಂಡುಬಂದಿದೆ. ಅಪೌಷ್ಟಿಕತೆಗೆ ಹೆಸರಾದ ರಾಯಚೂರಿನಂಥ ಜಿಲ್ಲೆಯಲ್ಲಿ ಒಂದು ಸಣ್ಣ ಕುಲುಮೆ ಮಾಡಬಲ್ಲ ಹಾನಿಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಸೀಸದ ವಿಷವನ್ನು ದೇಶದ ಗಮನಕ್ಕೆ ತಂದ ಕೆಲಸ ನಡೆದದ್ದು ಬಹುಮಟ್ಟಿಗೆ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಮತ್ತವರ ಸಂಗಡಿಗರಿಂದ. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಹೋಯಿತು, ಮರುವರ್ಷವೇ ಬ್ಯಾಟರಿಗಳಿಗೆ ನಿಯಮ ಬಂತು. 2022ರ ಹೊಸ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೇ ಹೊರಿಸಿವೆ. ಆದರೆ ಸೋಸುಕಕ್ಕೂ ಶುದ್ಧೀಕರಣಕ್ಕೂ ಕಾಸು ಬಿಚ್ಚದ ಕುಲುಮೆ ಕಿಲೋಗೆ ಹೆಚ್ಚು ದರ ಕೊಡಬಲ್ಲದು, ಸರಕು ದರ ಇದ್ದಲ್ಲಿಗೆ ಹರಿಯುತ್ತದೆ. ಆಮ್ಲ ಬಸಿದ ಬ್ಯಾಟರಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಹೆಚ್ಚಾದ್ದರಿಂದ, ಕೊನೆಗೆ ಸಕ್ರಮ ಕಾರ್ಖಾನೆಗೇ ತಲುಪುವ ಬ್ಯಾಟರಿಯ ಆಮ್ಲವೂ ಸೀಸದ ಕಣಗಳೊಡನೆ ಎಷ್ಟೋ ಸಲ ಗುಜರಿಯ ಅಂಗಳದಲ್ಲೇ ಇಂಗಿಹೋಗಿರುತ್ತದೆ.