ಅರ್ಧ ದಾರಿಯಲ್ಲಿ ಸಿಗುವ ಸಂಖ್ಯೆ

ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡು ನೂಲಾಗಿ ಬಣ್ಣದ ತೊಟ್ಟಿಗೆ ಇಳಿದಾಗ, ಆ ನೀರಿಗೆ ಸಾಮಾನ್ಯವಾಗಿ ಅಸಿಟಿಕ್ ಆಮ್ಲ ಬೆರೆಸುತ್ತಾರೆ. ರೇಷ್ಮೆಗೆ ಬಳಸುವ ಹಲವು ಬಣ್ಣಗಳು ಹುಳಿ ನೀರಿನಲ್ಲೇ ಎಳೆಗೆ ಚೆನ್ನಾಗಿ ಹಿಡಿಯುತ್ತವೆ. ಹುಳಿಯೇ ಬೇಕೆಂದರೆ ಹೈಡ್ರೋಕ್ಲೋರಿಕ್ ಆಮ್ಲ ಯಾಕಾಗದು? ಹಾಕಿದರೆ ಬಣ್ಣ ಒಮ್ಮೆಲೇ ಹತ್ತಿ ಅಲ್ಲಲ್ಲಿ ಗಾಢವಾಗಬಹುದು, ಎಳೆಯ ಬಲವೂ ಕುಗ್ಗಬಹುದು.

ಕಾರಣ ಅಣುಗಳ ಸ್ವಭಾವದಲ್ಲಿದೆ. 0.1 ಮೋಲಾರ್ ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು ಹೆಚ್ಚುಕಡಿಮೆ ಎಲ್ಲವೂ ಒಡೆದು ಹೈಡ್ರೋಜನ್ ಅಯಾನು ಬಿಟ್ಟುಕೊಡುತ್ತವೆ. ಅಷ್ಟೇ ಸಾಂದ್ರತೆಯ ಅಸಿಟಿಕ್ ಆಮ್ಲದಲ್ಲಿ ಒಡೆಯುವುದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಇರುವ ಅಯಾನು ಖರ್ಚಾದಂತೆ ಉಳಿದ ಅಣುಗಳು ಒಂದೊಂದಾಗಿ ಒಡೆಯುತ್ತವೆ. ಈ ಒಡೆಯುವ ಪ್ರವೃತ್ತಿಯ ಅಳತೆಯೇ ವಿಯೋಜನ ಸ್ಥಿರಾಂಕ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲಕ್ಕೆ ಇದು 0.0000175. ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿದರೆ 4.76, ಇದನ್ನು ಪಿಕೆಎ ಎನ್ನುತ್ತಾರೆ.

ಇದನ್ನು ಅಳೆಯಲು ದೊಡ್ಡ ಸಂಶೋಧನಾಲಯ ಬೇಕಿಲ್ಲ. ಕನಕಪುರ, ಮಾಗಡಿಯಂಥ ಊರಿನ ಪದವಿ ತರಗತಿಗೂ ಒಂದು ಬ್ಯೂರೆಟ್, ಹೈಡ್ರೋಜನ್ ಅಯಾನಿನ ಪ್ರಮಾಣ ತೋರಿಸುವ ಒಂದು ಪಿಎಚ್ ಮೀಟರ್ ಸಾಕು. ಬೀಕರಿನಲ್ಲಿರುವ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ, ಕಲಕುತ್ತಾ, ಪ್ರತಿ ಸಲ ಪಿಎಚ್ ಬರೆದುಕೊಳ್ಳಬೇಕು. ಮೊದಮೊದಲು ನಿಧಾನವಾಗಿ ಏರುವ ಪಿಎಚ್ ಒಂದು ಹಂತದಲ್ಲಿ ಸರ್ರನೆ ಜಿಗಿಯುತ್ತದೆ. ಆಮ್ಲ ಅಲ್ಲಿಗೆ ಮುಗಿಯಿತು. ಜಿಗಿತ 20 ಮಿಲಿಲೀಟರಿಗೆ ಬಂದಿದ್ದರೆ, ಗ್ರಾಫಿನಲ್ಲಿ 10 ಮಿಲಿಲೀಟರಿನ ಪಿಎಚ್ ನೋಡಿ. ಅದೇ ಪಿಕೆಎ. ಆ ಹೊತ್ತಿಗೆ ಅರ್ಧ ಆಮ್ಲ ಲವಣವಾಗಿರುತ್ತದೆ. ಉಳಿದ ಆಮ್ಲ ಮತ್ತು ಲವಣ ಸಮನಾದ್ದರಿಂದ ಸ್ಥಿರಾಂಕದ ಸಮೀಕರಣದಲ್ಲಿ ಎರಡೂ ಹೊಡೆದುಹೋಗಿ ಹೈಡ್ರೋಜನ್ ಅಯಾನಿನ ಲೆಕ್ಕವೊಂದೇ ಉಳಿಯುತ್ತದೆ.

ಈ ಪ್ರಯೋಗದ ಸೊಗಸು ಇಲ್ಲಿದೆ: ಆಮ್ಲದ ಸಾಂದ್ರತೆಯಾಗಲಿ ಕ್ಷಾರದ ಸಾಂದ್ರತೆಯಾಗಲಿ ನಿಖರವಾಗಿ ಗೊತ್ತಿರಬೇಕಿಲ್ಲ. ಎಷ್ಟಿದೆ ಎಂಬುದನ್ನಲ್ಲ, ಎಂಥದ್ದು ಎಂಬುದನ್ನು ಅದು ಹೇಳುತ್ತದೆ. ಎಚ್ಚರ ಬೇಕಾದದ್ದು ಮೀಟರಿನ ವಿಷಯದಲ್ಲಿ. ಪಿಎಚ್ 4 ಮತ್ತು 7ರ ಬಫರಿನಲ್ಲಿ ಅದನ್ನು ಮೊದಲೇ ಸರಿಹೊಂದಿಸಬೇಕು, 0.3ರಷ್ಟು ತಪ್ಪಿದರೂ ಸ್ಥಿರಾಂಕ ದುಪ್ಪಟ್ಟಾಗುತ್ತದೆ ಅಥವಾ ಅರ್ಧಕ್ಕಿಳಿಯುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ 0.1 ಮೋಲಾರ್ ದ್ರಾವಣಗಳಲ್ಲಿ ಉತ್ತರ 4.7ರ ಆಸುಪಾಸು, ಪುಸ್ತಕದ ಸಂಖ್ಯೆಗಿಂತ ತುಸು ಕಡಿಮೆಯೇ ಬರುತ್ತದೆ. ಪುಸ್ತಕದ್ದು ಅತಿ ತೆಳುವಾದ ದ್ರಾವಣಕ್ಕೆ ಲೆಕ್ಕಹಾಕಿದ ಸಂಖ್ಯೆ. ನಮ್ಮ ಬೀಕರಿನಲ್ಲಿ ಅಯಾನುಗಳು ಒಂದನ್ನೊಂದು ಸೆಳೆಯುತ್ತಿರುತ್ತವೆ. ಹಾಗಾಗಿ 4.68 ಬಂದರೆ ದಾಖಲೆ ಪುಸ್ತಕದಲ್ಲಿ 4.76 ಎಂದು ತಿದ್ದಬಾರದು. ಆ ವ್ಯತ್ಯಾಸವೂ ಒಂದು ಮಾಪನ.

ಇದಾದ ಮೇಲೆ ವಿದ್ಯಾರ್ಥಿಗಳು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಪರೀಕ್ಷಿಸಲಿ. ಅದಕ್ಕೆ ಎರಡು ಪಿಕೆಎ, ಸುಮಾರು 3.0 ಮತ್ತು 4.3. ಅವು ತೀರಾ ಹತ್ತಿರವಿರುವುದರಿಂದ ಗ್ರಾಫಿನಲ್ಲಿ ಎರಡು ಜಿಗಿತದ ಬದಲು ಒಂದೇ ಕಾಣುತ್ತದೆ. ಅದೇಕೆ ಎಂದು ಚನ್ನಪಟ್ಟಣದ ವಿದ್ಯಾರ್ಥಿನಿಯೊಬ್ಬಳು ಕೇಳಿದರೆ, ಸಿದ್ಧ ಉತ್ತರ ಹೇಳಿಬಿಡುವ ಬದಲು ಅವಳ ಕೈಗೆ ಇನ್ನೊಮ್ಮೆ ಬ್ಯೂರೆಟ್ ಕೊಡುವುದೇ ಒಳ್ಳೆಯ ಪಾಠ.