ಟೆಲಿ ಲೆನ್ಸ್ ಕೊಳ್ಳುವ ಮುನ್ನ ಊರ ಕೆರೆ ನೋಡಿ

ಬೋನಸ್ ಬಂದಿದೆ, ಕ್ಯಾಮೆರಾ ಹೇಗೂ ಇದೆ, ಉದ್ದನೆಯ ಲೆನ್ಸ್ ಒಂದು ತಗೊಂಡರೆ ಹಕ್ಕಿ ಫೋಟೋ ಶುರು ಮಾಡಬಹುದು ಅಂದುಕೊಂಡಿದ್ದೀರಾ? ಒಂದು ನಿಮಿಷ ತಡೀರಿ. 600 ಎಂಎಂವರೆಗೆ ಹೋಗುವ ಹೊಸ ಜೂಮ್ ಲೆನ್ಸ್ ಅಂದರೆ ಲಕ್ಷದ ಆಸುಪಾಸು, ಕೆಲವು ಅದಕ್ಕೂ ಮೇಲೆ. ಇಷ್ಟು ದುಡ್ಡು ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ನೀವು ವಾರ ವಾರ ತೆಗೆಯುವುದು ಯಾವ ಹಕ್ಕಿಯನ್ನು, ಎಷ್ಟು ದೂರದಿಂದ?

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರನ್ನೇ ತಗೊಳ್ಳಿ. ಬೈಕ್ ಹತ್ತಿದರೆ ಮೂರು ಥರದ ಜಾಗ ಸಿಗುತ್ತವೆ. ರಸ್ತೆ ಬದಿಯ ಜಾಲಿ, ಕರೆಂಟ್ ತಂತಿ, ತೋಟದ ಬೇಲಿ ಒಂದು. ಭೀಮಸಮುದ್ರದ ದೊಡ್ಡ ಕೆರೆ ಇನ್ನೊಂದು. ದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ಮೂರನೆಯದು. ಮೂರಕ್ಕೂ ಬೇಕಾದ ಲೆನ್ಸ್ ಬೇರೆ ಬೇರೆ.

ಬೇಲಿಯ ಹಕ್ಕಿಗೆ

ಕಳ್ಳಿಪೀರ, ಕಾಜಾಣ, ಪಿಕಳಾರಗಳು ಮನುಷ್ಯರಿಗೆ ಒಗ್ಗಿಕೊಂಡಿರುತ್ತವೆ. ಒಂದು ಲೆಕ್ಕ ನೋಡಿ. 20 ಸೆಂಟಿಮೀಟರ್ ಉದ್ದದ ಪಿಕಳಾರ 20 ಮೀಟರ್ ದೂರದಲ್ಲಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಎಂಎಂ ಹಾಕಿದರೆ ಅದು ಚೌಕಟ್ಟಿನ ಅಗಲದಲ್ಲಿ ಎಂಟನೇ ಒಂದು ಭಾಗ ತುಂಬುತ್ತದೆ, 600 ಎಂಎಂ ಹಾಕಿದರೆ ಕಾಲು ಭಾಗ. ಅದೇ 300 ಎಂಎಂ ಹಿಡಿದು 10 ಮೀಟರ್‌ಗೆ ಹೋದರೂ ಕಾಲು ಭಾಗವೇ! ಸದ್ದಿಲ್ಲದೆ ಕೂತು ಕಾಯುವ ತಾಳ್ಮೆ ಇದ್ದರೆ ಹಳೆಯ 70-300 ಕೂಡ ಇಲ್ಲಿ ಸಾಕು.

ಕೆರೆಗೆ

ನಡುನೀರಿನ ಬಾತುಗಳ ಹತ್ತಿರ ನಡೆದುಕೊಂಡು ಹೋಗೋಕಾಗಲ್ಲ. ಇಲ್ಲಿ 600 ಎಂಎಂ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸಿಗ್ಮಾ ಮತ್ತು ಟ್ಯಾಮ್ರಾನ್‌ನ 150-600, ಸೋನಿಯ 200-600, ನಿಕಾನ್‌ನ 180-600 ಇದೇ ಜಾತಿಯವು. ಎಲ್ಲವೂ ಸುಮಾರು ಎರಡು ಕೆಜಿ ತೂಕ. ಆದರೆ ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಬಿಸಿಯಾಗಿ ಅಲುಗುತ್ತದೆ, ದೂರದ ಹಕ್ಕಿ ಮಸುಕಾಗುತ್ತದೆ. ಅದಕ್ಕೆ ಎಷ್ಟು ಲಕ್ಷದ ಲೆನ್ಸಿನಲ್ಲೂ ಮದ್ದಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೇ.

ಗುಡ್ಡಕ್ಕೆ

ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಜೋಗಿಮಟ್ಟಿಯಲ್ಲಿದೆ. ಅದು ಪೊದೆಯಿಂದ ಪೊದೆಗೆ ಹಾರುತ್ತಲೇ ಇರುತ್ತದೆ. ಹೆಗಲ ಮೇಲೆ ಎರಡು ಕೆಜಿ ಇಟ್ಟುಕೊಂಡು ಏರು ಹತ್ತಿದವರ ಕೈ, ಹಕ್ಕಿ ಕಂಡಾಗ ನಡುಗುತ್ತಿರುತ್ತದೆ. ಇಂಥ ಕಡೆ ಹಗುರ ಲೆನ್ಸೇ ಗೆಲ್ಲುವುದು. ಕ್ಯಾನನ್‌ನ ಆರ್‌ಎಫ್ 100-400 ಬರೀ 635 ಗ್ರಾಂ. ಅದರ ಕೊರತೆ ಬೆಳಕು: 400 ಎಂಎಂನಲ್ಲಿ ಎಫ್/8 ಮಾತ್ರ ಸಿಗುತ್ತದೆ. ಮುಂಜಾನೆ ಐಎಸ್‌ಒ ಏರಿಸಲೇಬೇಕು, ಫೋಟೋದಲ್ಲಿ ಸ್ವಲ್ಪ ನಾಯ್ಸ್ ಬರುತ್ತದೆ.

ಬೆಳಕೂ ಬೇಕು, ದೂರವೂ ಬೇಕು ಅಂದರೆ 600 ಎಂಎಂ ಎಫ್/4 ಇದೆ. ಹೊಸದರ ಬೆಲೆ ಹತ್ತು ಲಕ್ಷ ಮೀರುತ್ತದೆ. ಇಎಂಐ ಕಟ್ಟುವವರು ಅದರ ಸುದ್ದಿ ಬಿಟ್ಟುಬಿಡಿ!

ಮೊದಲು ಬಾಡಿಗೆ, ಆಮೇಲೆ ಖರೀದಿ

ಬೆಂಗಳೂರಿನಲ್ಲಿ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ಊರಿಗೆ ಹೋಗುವ ವಾರ ಒಂದನ್ನು ತಗೊಂಡು ಹೋಗಿ. ಸಂಜೆ ಮೂರು ವಿಷಯ ಪರೀಕ್ಷಿಸಿ: ಹೆಚ್ಚಿನ ಫೋಟೋ ಎಷ್ಟು ಎಂಎಂನಲ್ಲಿ ತೆಗೆದಿದ್ದೀರಿ, ಎಷ್ಟು ಅಲುಗಿವೆ, ಹೆಗಲು ಏನನ್ನುತ್ತಿದೆ. ಹಾರುವ ಹಕ್ಕಿಗೆ ಶಟರ್ 1/2000 ಸೆಕೆಂಡ್ ಆಸುಪಾಸಿನಲ್ಲಿರಲಿ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕ ತಡೆಯುತ್ತದೆ, ರೆಕ್ಕೆಯ ಬಡಿತವನ್ನಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಜಿಗೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ.

ಚಿಕ್ಕ ಲೆನ್ಸ್ ಇದ್ದವರಿಗೆ ಇನ್ನೊಂದು ಮಾತು. ಹತ್ತಿರ ಹೋಗುವ ಆಸೆಯಲ್ಲಿ ಗೂಡಿನ ಬಳಿ ಮಾತ್ರ ಸುಳಿಯಬೇಡಿ. ತಾಯಿ ಹಕ್ಕಿ ಹೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡು ಕಂಡರೆ ಸುಮ್ಮನೆ ಹಿಂದೆ ಸರಿಯಿರಿ. ಆ ಫೋಟೋ ಇಲ್ಲದಿದ್ದರೂ ನಡೆಯುತ್ತದೆ.

ನಿಮ್ಮೂರ ಕೆರೆಗೆ ಯಾವ ಲೆನ್ಸ್ ಸರಿಹೋಯಿತು? ಓದುಗರ ಅಂಕಣಕ್ಕೆ ಬರೆದು ಕಳಿಸಿ, ಜೊತೆಗೊಂದು ಹಕ್ಕಿ ಫೋಟೋ ಇರಲಿ.