ಸತ್ತವರಿಗಾಗಿ ತೆರೆದಿಟ್ಟ ಬಾಗಿಲು

ಅಕ್ಟೋಬರ್ ತಿಂಗಳ ಕೊನೆಯ ರಾತ್ರಿ ಪಾಶ್ಚಾತ್ಯ ದೇಶಗಳಲ್ಲಿ ನಡೆಯುವ ಹ್ಯಾಲೋವೀನ್ ಹಬ್ಬವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ದೆವ್ವದ ವೇಷ, ಕುಂಬಳಕಾಯಿಯ ದೀಪ, ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಮಕ್ಕಳು, ಇಷ್ಟೇ. ಅಂಗಡಿಗಳ ಕಪಾಟಿನಲ್ಲಿ ಕಾಣುವುದೂ ಇಷ್ಟೇ. ಆದರೆ ಈ ವೇಷಗಳ ಹಿಂದೆ ಹಳೆಯದೊಂದು ಪ್ರಶ್ನೆಯುಂಟು: ಸತ್ತವರು ಬಾಗಿಲಿಗೆ ಬಂದು ನಿಂತರೆ ಬದುಕಿರುವವರು ಅವರಿಗೆ ಏನನ್ನು ಕೊಡಬೇಕು?

ಹಬ್ಬದ ತವರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್. ಅಲ್ಲಿಯ ಗೇಲಿಕ್ ಜನರಿಗೆ ನವೆಂಬರ್ 1 ಚಳಿಗಾಲದ ಮೊದಲ ದಿನ. ಬೇಸಗೆಯಲ್ಲಿ ಗುಡ್ಡದ ಹುಲ್ಲುಗಾವಲಿಗೆ ಅಟ್ಟಿದ್ದ ದನಗಳನ್ನು ಕೆಳಗಿಳಿಸಿ ತರುವ ಕಾಲವದು. ದಿನದ ಲೆಕ್ಕ ಸೂರ್ಯಾಸ್ತದಿಂದ ಮೊದಲಾಗುತ್ತಿದ್ದುದರಿಂದ ಹಬ್ಬವೂ ಹಿಂದಿನ ಸಂಜೆಯೇ ಆರಂಭವಾಗುತ್ತಿತ್ತು. ಅದರ ಐರಿಷ್ ಹೆಸರು ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಸಾವಿನ್’ ಎಂದೇ ಕೇಳಿಸುತ್ತದೆ. ಅದನ್ನು ಕೇಳಿದ ಕನ್ನಡಿಗನಿಗೆ ‘ಸಾವು’ ನೆನಪಾದರೆ ತಪ್ಪಲ್ಲ. ನಂಟು ಕಲ್ಪಿಸಹೊರಟರೆ ಮಾತ್ರ ತಪ್ಪು. ಬೇಸಗೆಯ ಕೊನೆ ಎಂದು ಮಧ್ಯಯುಗದ ಐರಿಷ್ ಗ್ರಂಥಕಾರರೇ ಅದಕ್ಕೆ ಅರ್ಥ ಹೇಳಿದ್ದಾರೆ.

ಆ ರಾತ್ರಿಯ ಭಯ ಎಂಥದೆಂಬುದನ್ನು ‘ನೆರನ ಸಾಹಸ’ ಎಂಬ ಹಳೆಯ ಐರಿಷ್ ಕಥೆಯಲ್ಲಿ ಕಾಣಬಹುದು. ಅಲಿಲ್ ರಾಜನೂ ಮೇವ್ ರಾಣಿಯೂ ಪರಿವಾರದೊಡನೆ ಅರಮನೆಯಲ್ಲಿದ್ದಾರೆ. ಹಿಂದಿನ ದಿನ ಗಲ್ಲಿಗೇರಿಸಿದ ಇಬ್ಬರು ಸೆರೆಯಾಳುಗಳ ಹೆಣಗಳು ಹೊರಗೆ ತೂಗುತ್ತಿವೆ. ಒಂದು ಹೆಣದ ಕಾಲಿಗೆ ಬಳ್ಳಿಯ ಕುಣಿಕೆ ಕಟ್ಟಿ ಬಂದವನಿಗೆ ಬಂಗಾರದ ಹಿಡಿಯ ಕತ್ತಿ ಬಹುಮಾನ. ಹೋದವರೆಲ್ಲ ಹೆದರಿ ಮರಳಿದರು, ನೆರನೊಬ್ಬನೇ ಗಟ್ಟಿಗ. ಕಟ್ಟಿ ಮುಗಿಯುತ್ತಲೇ ಹೆಣ ಬಾಯಾರಿಕೆಯೆಂದಿತು. ನೆರ ಅದನ್ನು ಬೆನ್ನ ಮೇಲೆ ಹೊತ್ತು ಹೊರಟ. ಮೊದಲ ಮನೆಯ ಸುತ್ತ ಬೆಂಕಿ ಆವರಿಸಿತ್ತು: ಅಲ್ಲಿಯವರು ರಾತ್ರಿ ಕೆಂಡಕ್ಕೆ ತಪ್ಪದೆ ಬೂದಿ ಮುಚ್ಚುವವರು, ಹೆಣಕ್ಕೆ ಅಲ್ಲಿ ಪ್ರವೇಶವಿಲ್ಲ. ಎರಡನೆಯದರ ಸುತ್ತ ನೀರು: ತೊಳೆದ ನೀರನ್ನು ಮಲಗುವ ಹೊತ್ತಿಗೆ ಒಳಗೆ ಉಳಿಸದ ಮನೆಯದು. ಮೂರನೆಯ ಮನೆಯಲ್ಲಿ ಮುಸುರೆಯ ನೀರೂ ಮಿಂದ ನೀರೂ ಹಾಗೆಯೇ ನಿಂತಿದ್ದವು. ಹೆಣ ಒಳಹೊಕ್ಕು ಕುಡಿಯಿತು, ಕೊನೆಯ ಗುಟುಕನ್ನು ಮನೆಯವರ ಮುಖಕ್ಕೆ ಉಗುಳಿತು, ಅವರೆಲ್ಲರೂ ಸತ್ತರು. ರಾತ್ರಿ ಮುಸುರೆ ಉಳಿಸಬಾರದೆಂದು ಗದರುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಕಥೆ ಹೊಸದೆನಿಸುತ್ತಿರಲಿಲ್ಲ! ಆಮೇಲೆ ನೆರ ಒಂದು ಗುಹೆಯ ಮೂಲಕ ಅನ್ಯಲೋಕವನ್ನೇ ಹೊಕ್ಕು, ಅಲ್ಲಿಂದ ಬರುವಾಗ ಸಾಕ್ಷಿಗೆಂದು ಬೇಸಗೆಯ ಹೂಗಿಡಗಳನ್ನು ತರುತ್ತಾನೆ. ರಾಸ್ಕಾಮನ್ ಸೀಮೆಯ ರಾಥ್‌ಕ್ರೋಗನ್ ಎಂಬಲ್ಲಿ ಆ ಗುಹೆಯನ್ನು ಇಂದಿಗೂ ತೋರಿಸುತ್ತಾರೆ.

ಈ ಹಬ್ಬವನ್ನು ಅಳಿಸಲೆಂದೇ ಕ್ರೈಸ್ತ ಮಠಾಧಿಪತಿಗಳು ಅದೇ ದಿನ ಸಕಲ ಸಂತರ ಹಬ್ಬವನ್ನು ಇಟ್ಟರೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ಅಷ್ಟು ಸರಳವಲ್ಲ. ರೋಮಿನಲ್ಲಿ ಹುತಾತ್ಮರೆಲ್ಲರ ಸ್ಮರಣೆ ಮೊದಲು ಮೇ 13ರಂದು ನಡೆಯುತ್ತಿತ್ತು. 835ರಲ್ಲಿ ಫ್ರಾಂಕರ ಸಾಮ್ರಾಜ್ಯದಲ್ಲಿ ಸಕಲ ಸಂತರ ಹಬ್ಬ ನವೆಂಬರ್ 1ಕ್ಕೆ ನಿಂತಿತು. ಇತ್ತ ಐರ್ಲೆಂಡಿನ ಒಂದು ಹಳೆಯ ಸಂತಪಂಚಾಂಗದಲ್ಲಾದರೋ ಆ ಹಬ್ಬ ಏಪ್ರಿಲ್ 20ಕ್ಕೆ ಬರುತ್ತದೆ. ಇತಿಹಾಸಕಾರ ರೊನಾಲ್ಡ್ ಹಟನ್ 1996ರ ತಮ್ಮ ಗ್ರಂಥದಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ. ‘ಹ್ಯಾಲೋ’ ಎಂದರೆ ಸಂತ, ‘ಈನ್’ ಎಂದರೆ ಸಂಜೆ, ಹೆಸರಂತೂ ಕ್ರೈಸ್ತರದೇ. ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ಸುಮಾರು ಸಾವಿರ ವರ್ಷಗಳ ಹಿಂದೆ ನವೆಂಬರ್ 2ನ್ನು ಸತ್ತ ಸಕಲರಿಗಾಗಿ ಪ್ರಾರ್ಥಿಸುವ ದಿನವಾಗಿಸಿದನು.

ಇಲ್ಲಿಂದ ಮುಂದಿನ ಬದಲಾವಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ನವೆಂಬರ್ 2ರ ರಾತ್ರಿ ಐರ್ಲೆಂಡಿನ ರೈತರು ಬಾಗಿಲಿಗೆ ಅಗುಳಿ ಹಾಕದೆ, ಒಲೆಯಲ್ಲಿ ಬೆಂಕಿ ಉಳಿಸಿ, ಸುತ್ತ ಪೀಠಗಳನ್ನಿಟ್ಟು, ಒಂದು ಬಟ್ಟಲು ತಿಳಿನೀರಿಟ್ಟು ಮಲಗುತ್ತಿದ್ದರು. ನೆರನ ಕಥೆಯಲ್ಲಿ ಬೆಂಕಿಯನ್ನು ಮುಚ್ಚದೆ, ನೀರನ್ನು ಚೆಲ್ಲದೆ ಬಿಟ್ಟ ಮನೆಗೆ ಕೇಡು. ಇಲ್ಲಿ ಅವೇ ಬೆಂಕಿ, ನೀರುಗಳಿಂದ ಆತಿಥ್ಯ. ಅಲ್ಲಿ ಬಂದದ್ದು ಯಾರದೋ ಹೆಣ, ಇಲ್ಲಿ ಬರುವವರು ಮನೆಯ ಹಿರಿಯರು. ಮಹಾಲಯ ಅಮಾವಾಸ್ಯೆಗೆ ಎಡೆಯಿಡುವ ನಮಗೆ ಈ ಭಾವನೆಯನ್ನು ವಿವರಿಸಬೇಕಾದ್ದಿಲ್ಲ.

ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ‘ಆತ್ಮದ ರೊಟ್ಟಿ’ ಪಡೆಯುತ್ತಿದ್ದರು. 16ನೆಯ ಶತಮಾನದ ಮತಸುಧಾರಣೆ ಅಂಥ ಪ್ರಾರ್ಥನೆಯನ್ನು ನಿಷೇಧಿಸಿದರೂ ಚೆಷೈರ್, ಶ್ರಾಪ್‌ಷೈರ್ ಕಡೆಯ ಹಳ್ಳಿಗಳಲ್ಲಿ ರೊಟ್ಟಿಯ ಪದ್ಧತಿ ಉಳಿಯಿತು. ಸ್ಕಾಟ್ಲೆಂಡಿನಲ್ಲಿ ವೇಷ ಹಾಕಿದ ಮಕ್ಕಳು ಹಾಡನ್ನೋ ಪದ್ಯವನ್ನೋ ಒಪ್ಪಿಸಿದ ಮೇಲೆಯೇ ಅವರಿಗೆ ಸೇಬು, ಬೀಜಗಳು ದೊರೆಯುತ್ತಿದ್ದವು. 1845ರಿಂದ ಮೊದಲಾದ ಘೋರ ಕ್ಷಾಮದಲ್ಲಿ ಹಡಗು ಹತ್ತಿದ ಐರಿಷರು ಈ ಆಚಾರಗಳನ್ನು ಅಮೆರಿಕಕ್ಕೆ ಒಯ್ದರು. ಊರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಮಾಡುತ್ತಿದ್ದ ದೀಪಕ್ಕೆ ಅಲ್ಲಿ ದಪ್ಪ ಕುಂಬಳಕಾಯಿ ಸಿಕ್ಕಿತು. ಮಿಠಾಯಿ ಕೊಡದಿದ್ದರೆ ಕೀಟಲೆ ಮಾಡುವೆವೆಂಬ ಮಕ್ಕಳ ಬೆದರಿಕೆ 1920ರ ದಶಕದ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಪ್ರಾರ್ಥನೆ ಹೋಯಿತು, ಹಾಡೂ ಹೋಯಿತು, ಚೀಲವೊಂದು ಉಳಿಯಿತು. ಆದರೂ ಅಪರಿಚಿತ ಮಗುವಿಗೆ ಬಾಗಿಲು ತೆರೆಯುವ ರಾತ್ರಿ ವರ್ಷಕ್ಕೊಂದಾದರೂ ಇರುವುದು ಸಣ್ಣ ಮಾತಲ್ಲ. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಮಿಠಾಯಿಯ ಬದಲು ಹಾಲಿನ ಡಬ್ಬಗಳಲ್ಲಿ ಕಾಸು ಕೂಡಿಸಿ ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಕೊಟ್ಟರು. ಹಳೆಯ ರೊಟ್ಟಿಯ ನ್ಯಾಯ ಅಲ್ಲಿ ಮತ್ತೆ ತಲೆಯೆತ್ತಿತೆನ್ನಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಹೇಗೂ ಈ ಹಬ್ಬದಲ್ಲಿ ಸೇರುತ್ತಾರೆ. 2024ರಲ್ಲಂತೂ ನರಕಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ಒಂದೇ ಹೊಸ್ತಿಲಲ್ಲಿ ಹಣತೆಯನ್ನೂ ಕುಂಬಳದ ದೀಪವನ್ನೂ ಇಡಬಹುದಾಗಿತ್ತು. ಹಬ್ಬ ಮಾಡುವವರು ಅಂಗಡಿಯ ಮುಖವಾಡಕ್ಕೆ ಸುರಿಯುವ ಹಣವನ್ನು ಉಳಿಸಿ, ಮಕ್ಕಳಿಗೆ ಒಂದು ಹಾಡು ಕಲಿಸಿ ಕಳುಹಿಸಲಿ. ಊಟಕ್ಕೆ ಕುಳಿತಾಗ ಮನೆಯಲ್ಲಿ ತೀರಿಕೊಂಡವರ ಹೆಸರು ಹೇಳಲಿ. ಐರಿಷರ ಆ ರಾತ್ರಿಯ ಊಟ ಕಷ್ಟದ್ದೇನಲ್ಲ: ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೋಸು, ಬೆಣ್ಣೆ ಬೆರೆಸಿದ ಕೋಲ್‌ಕ್ಯಾನನ್, ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ರೊಟ್ಟಿ. ರೊಟ್ಟಿಯ ಹಿಟ್ಟಿನಲ್ಲಿ ಉಂಗುರ, ನಾಣ್ಯ, ಬಟ್ಟೆಯ ಚೂರು ಅಡಗಿಸುತ್ತಾರೆ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕವರಿಗೆ ಐಶ್ವರ್ಯ, ಚಿಂದಿ ಸಿಕ್ಕವರಿಗೆ ಬಡತನ. ಅಂಗಡಿಯ ರೊಟ್ಟಿಯಲ್ಲಿ ಈಗ ಸಾಮಾನ್ಯವಾಗಿ ಉಂಗುರವೊಂದೇ ಇರುತ್ತದೆ. ಮನೆಯಲ್ಲಿ ಮಾಡುವವರು ಚಿಂದಿಯನ್ನೂ ಮರೆಯದೆ ಸೇರಿಸಲಿ. ಮಕ್ಕಳು ಹೆಚ್ಚು ನಗುವುದು ಅದು ಸಿಕ್ಕಾಗಲೇ.